ಬಡಗಣ ಗೋಡೆಯಲ್ಲಿ ಬಿಟ್ಟ ಇಟ್ಟಿಗೆ

ಶಕ ೨೧೮೭, ನಿಜ ಶ್ರಾವಣ ಬಹುಳ ಹದಿನೇಳು

ಕೊಳ್ಳೇಗಾಲದ ಸೀಮೆಯ ಕೆಂಪಿಟ್ಟಿಗೆ ಮನೆಯ ಶ್ರೀಮತಿ ಹೊಂಬಾಳಮ್ಮನವರಿಗೆ ತಾರಿಣಿ ಮಾಡುವ ನಮಸ್ಕಾರಗಳು.

ನಿಮ್ಮಲ್ಲಿ ಬಹುಳ ಹದಿನೈದಕ್ಕೇ ಮುಗಿಯುತ್ತದಂತೆ. ನಮ್ಮಲ್ಲಿ ಎರಡು ದಿನ ಹೆಚ್ಚು, ಯಾಕೆಂದು ಯಾರೂ ಹೇಳುವುದಿಲ್ಲ. ಮಾತು ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಈ ಕಾಗದ ಹಿಂದಂಚೆಯಲ್ಲಿ ಬಂದಿದೆ, ಅಂದರೆ ಹೋದ ಕಾಲಕ್ಕೆ ಹೋಗುವ ಅಂಚೆ. ಒಬ್ಬರಿಗೆ ಬದುಕಿನಲ್ಲಿ ಒಂದೇ ಕಾಗದ. ಎಲ್ಲರೂ ಮುತ್ತಜ್ಜಿಗೋ ಹಳೆಯ ಪ್ರಿಯನಿಗೋ ಬರೆಯುತ್ತಾರೆ. ನಾನು ಒಂದು ಗೋಡೆಗಾಗಿ ಬರೆಯುತ್ತಿದ್ದೇನೆ. ನನಗೆ ತಲೆ ಕೆಟ್ಟಿದೆ ಎನ್ನುತ್ತಾರೆ ಮನೆಯವರು.

ನಾನು ಗೋಡೆವೈದ್ಯೆ. ಹಳೆಯ ಗೋಡೆಗೆ ಕಿವಿಗೊಟ್ಟು ರೋಗ ಹೇಳುವುದು ಕಸುಬು. ನಿಮ್ಮ ಮಾವ ಕಟ್ಟಿಸಿದ ಮನೆಯಲ್ಲಿ ಮೂರು ತಿಂಗಳಿಂದ ಇದ್ದೇನೆ. ಈಗ ಮನೆಗಳನ್ನು ಕಟ್ಟುವುದಿಲ್ಲ, ಬೆಳೆಸುತ್ತಾರೆ. ಮಳೆಗೆ ಉಬ್ಬುತ್ತವೆ, ಬೇಸಿಗೆಗೆ ಬಾಗಿಲು ಕಿರಿದಾಗುತ್ತದೆ. ನಿಮ್ಮದು ಮಾತ್ರ ನಿಂತಲ್ಲೇ ನಿಂತಿದೆ. ಮೊಳದಗಲದ ಗೋಡೆ, ಹೊಳೆಮಣ್ಣಿನ ಇಟ್ಟಿಗೆ, ಗಾರೆಯಲ್ಲಿ ಬೆಲ್ಲದ ನೀರು. ನಡುಮನೆಯ ಕಮಾನಿನ ಒಂದು ಇಟ್ಟಿಗೆಯ ಮೇಲೆ ನಾಯಿಯ ಹೆಜ್ಜೆ ಇದೆ. ಹಸಿ ಇದ್ದಾಗ ತುಳಿದಿರಬೇಕು. ಆ ನಾಯಿ ಯಾರದು? ಅಡುಗೆಮನೆಯ ಕಿಟಕಿ ಅಷ್ಟು ಕೆಳಗೆ ಯಾಕೆ? ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ದಾರಿ ನೋಡಲಿಕ್ಕೋ? ಕೇಳಲು ನೂರಿದೆ, ಆದರೆ ಇವತ್ತು ಒಂದೇ ಮುಖ್ಯ.

ಅಟ್ಟದ ಬಡಗಣ ಗೋಡೆಯಲ್ಲಿ ಒಂದು ಇಟ್ಟಿಗೆ ಇಲ್ಲ. ಮೊದಲ ವಾರವೇ ಅದನ್ನು ನೋಡಿ ದಾಖಲೆಯಲ್ಲಿ ‘ಒಳಹುಣ್ಣು’ ಎಂದು ಬರೆದುಬಿಟ್ಟೆ. ಗೋಡೆ ಒಳಗಿಂದ ಕೊಳೆಯುತ್ತಿದೆ ಎಂದರ್ಥ. ನನ್ನ ಆ ಒಂದು ಮಾತಿಗೆ ಇಡೀ ಮನೆಯನ್ನು ಕೆಡವಲು ಊರಸಭೆ ತೀರ್ಮಾನಿಸಿದೆ. ಆಮೇಲೆ ಬೆರಳಾಡಿಸಿ ನೋಡಿದರೆ, ಅಂಚಿಗೆಲ್ಲ ಗಾರೆ ಸವರಿ ನಯ ಮಾಡಿದ್ದಾರೆ. ಬಿದ್ದದ್ದಲ್ಲ, ಬಿಟ್ಟದ್ದು. ನನ್ನಜ್ಜಿ ಕೇಳಿ ನಕ್ಕರು: “ಮನೆ ಪೂರ್ತಿ ಆಯ್ತು ಅಂದ್ರೆ ಯಜಮಾನಂದೂ ಪೂರ್ತಿ ಆದಂಗೆ ಕಣವ್ವ. ಅದ್ಕೇ ಒಂದ್ ಇಟ್ಟಿಗೆ ಬುಡ್ತಿದ್ರು. ಓದ್ದೋಳು ನೀನು, ಅಷ್ಟೂ ಗೊತ್ತಿಲ್ವಾ?” ನಾಚಿಕೆಯಿಂದ ಭೂಮಿಗಿಳಿದುಹೋದೆ.

ಸಭೆ ಅಜ್ಜಿಯ ಮಾತನ್ನು ಒಪ್ಪಲಿಲ್ಲ. ಆ ಕಾಲದವರದೇ ಕೈಬರಹ ಬೇಕಂತೆ. ಆದ್ದರಿಂದ ಕೈಮುಗಿದು ಕೇಳುತ್ತೇನೆ. ಅಟ್ಟ ಹತ್ತಿ, ಆ ಸಂದಿನಲ್ಲಿ ಎರಡು ಸಾಲು ಬರೆದಿಡಿ, ಇದನ್ನು ಬೇಕೆಂದೇ ಬಿಟ್ಟಿದ್ದೇವೆ ಎಂದು. ಗೆದ್ದಲು ಹತ್ತದಂತೆ ಕುಂಕುಮದ ಭರಣಿಯಲ್ಲಿಟ್ಟರೆ ಒಳ್ಳೆಯದು. ಈ ಹೊತ್ತಿನವರೆಗೆ ಅಲ್ಲಿ ಏನೂ ಇಲ್ಲ, ನಾನೇ ನೋಡಿದ್ದೇನೆ. ನಾಳೆ ಬೆಳಗ್ಗೆ ಕೆಡವುವವರು ಬರುವ ಮುಂಚೆ ಮತ್ತೊಮ್ಮೆ ಕೈ ಹಾಕುತ್ತೇನೆ.

ನಿಮ್ಮ ಕಾಲದಲ್ಲಿ ಮನೆಗೆ ಬಂದ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸುತ್ತಿರಲಿಲ್ಲವಂತೆ. ನಾನೂ ನಿಮ್ಮ ಮನೆಗೆ ಬಂದವಳೇ.