ಬೆಟ್ಟ ಕಾಣುವ ಕೋಣೆ

ಕೆಸರೆ, ಮೈಸೂರು
ಭಾನುವಾರ

ಅಕ್ಕನ ಮಗಳು ಸಂಘಮಿತ್ರಳಿಗೆ ಸೋದರಮಾವನ ಆಶೀರ್ವಾದ.

ಮೈಸೂರಿನ ನಕ್ಷೆ ಬರೆದ ಇಂಜಿನಿಯರುಗಳು ನನ್ನನ್ನು ಕೇಳಿಯೇ ಗೆರೆ ಎಳೆದದ್ದು. ಆಗ ಇವನು ಹುಟ್ಟೇ ಇರಲಿಲ್ಲ ಅಂತ ನಿಮ್ಮಮ್ಮ ಹೇಳಿದರೆ ನಂಬಬೇಡ. ದೊಡ್ಡಕೆರೆ ಮೈದಾನ ಒಂದು ಕಾಲಕ್ಕೆ ನಿಜವಾದ ಕೆರೆಯಾಗಿತ್ತೆಂದು ನಮ್ಮ ಬೀದಿಯ ಟೀ ಹೋಟೆಲಿಗೆ ಬಂದವರನ್ನೆಲ್ಲ ಕೂರಿಸಿಕೊಂಡು ಹೇಳುವವನು ನಾನೇ.

ನೀನು ಬಿ.ಎಡ್. ಓದಲು ಬಂದಾಗ ಬೆಟ್ಟ ಕಾಣುವ ಕೋಣೆ ಕೊಡುತ್ತೇನೆ ಅಂದಿದ್ದೆನಲ್ಲ, ಅದಕ್ಕೆಂದೇ ಬೇಸಿಗೆಯಲ್ಲಿ ವಿಜಯನಗರದಾಚೆ ಸೈಟು ಕೊಂಡೆ. ನೆಲ ಸಮತಟ್ಟಾಗಿತ್ತು, ಮಣ್ಣು ಕಪ್ಪಗಿತ್ತು. ಮೊನ್ನೆ ಮಳೆಯಾದ ಮೇಲೆ ಪಾಯದ ಗುರುತು ಹಾಕಲು ಹಗ್ಗ, ಸುಣ್ಣ ಹಿಡಿದು ಹೋದರೆ ಮೊಣಕಾಲುದ್ದ ನೀರು ನಿಂತಿತ್ತು. ನನ್ನ ಸೈಟಿನ ಕಲ್ಲಿನ ಮೇಲೆ ಕೊಕ್ಕರೆ ಕೂತಿತ್ತು. ಮೇಕೆ ಮೇಯಿಸುತ್ತಿದ್ದ ಮುದುಕಿ, "ಏನಪ್ಪೋ, ಕೆರೆ ಒಳ್ಗೆ ಮನೆ ಕಟ್ಟೀಯಾ? ಈ ಊರ್ಗೆ ಹೊಸಬ್ನಾ?" ಅಂದಳು.

"ಊಂ ಕಣವ್ವ, ನೆನ್ನೆ ತಾನೆ ಬಂದೆ" ಅಂದುಬಿಟ್ಟೆ.

ಮಾರಿದವನು ಫೋನು ಎತ್ತುತ್ತಿಲ್ಲ. ನೀನು ಹಾಸ್ಟೆಲ್ಲಿಗೆ ಅರ್ಜಿ ಹಾಕಿಬಿಡು, ಶುಕ್ರವಾರ ಕೊನೆಯ ದಿನವಂತೆ. ಈ ಬಾಡಿಗೆ ಕೋಣೆಯಲ್ಲಿ ನನ್ನ ಮಂಚ ಹಾಕಿದರೆ ಮುಗಿಯಿತು. ನಿನಗೆಂದು ತಂದ ತಟ್ಟೆ, ಲೋಟ ಇಲ್ಲೇ ಇರುತ್ತವೆ. ಭಾನುವಾರಗಳಲ್ಲಿ ಊಟಕ್ಕೆ ಬಾ. ಒಬ್ಬನಿಗೇ ಸಾರು ಮಾಡಲು ನನಗೆ ಇನ್ನೂ ಅಳತೆ ಸಿಕ್ಕಿಲ್ಲ.

ಹೋದದ್ದು ಒಂದು ಲಕ್ಷವೆಂದು ನಿಮ್ಮಮ್ಮನಿಗೆ ಹೇಳಿದ್ದೇನೆ, ಅದು ಹಾಗೇ ಇರಲಿ. ನಿನಗೆ ಮಾತ್ರ ನಿಜ ಬರೆಯುತ್ತೇನೆ: ಕಾರ್ಖಾನೆ ಬಿಟ್ಟಾಗ ಕೈಗೆ ಬಂದ ಒಂಬತ್ತು ಲಕ್ಷದ ಅರವತ್ತು ಸಾವಿರ, ಅಷ್ಟೂ ಹೋಯಿತು.

ನಿನ್ನ ಮಾವ,
ಜವರಪ್ಪ