ನೀಲಿ ಸ್ವೆಟರಿನ ಅಳತೆ

ಅಕ್ಕಾ,

ಕತ್ತರಿ ಹಾಕಿಯೇಬಿಟ್ಟೆ ಕಣೇ! ನೀನು ಹೆಣೆದು ಕಳಿಸಿದ್ದ ನೀಲಿ ಸ್ವೆಟರಿಗೆ! ಕತ್ತರಿಸಿದರೆ ಪೂರ್ತಿ ಬಿಚ್ಚಿಕೊಳ್ಳುತ್ತೆ ಅಂತ ದರ್ಜಿ ಕೈಯೆತ್ತಿಬಿಟ್ಟಿದ್ದ. ನಾನು ಮೊದಲು ಮಿಷನ್ನಲ್ಲಿ ಎರಡು ಸಾಲು ಹೊಲಿಗೆ ಓಡಿಸಿ, ಆಮೇಲೆ ಅಂಚು ಕತ್ತರಿಸಿದೆ. ಒಂದು ಎಳೆಯೂ ಬಿಚ್ಚಲಿಲ್ಲ!

ಅದಕ್ಕೂ ಮುಂಚೆ ಏನಾಯ್ತು ಗೊತ್ತಾ? ಪಕ್ಕದ ಹೊಲಿಗೆ ಬಿಡಿಸಿ ಮೇಜಿನ ಮೇಲೆ ಹರಡಿ ನೋಡ್ತೀನಿ, ಬೆನ್ನು ನನ್ನದೇ ಅಳತೆ, ಹೊಟ್ಟೆಯ ಹತ್ತಿರ ಮಾತ್ರ ಒಂದು ಗೇಣು ಜಾಸ್ತಿ! ನಾವು ಜಗಳ ಆಡಿದ ದಿನ ನನಗೆ ಎಂಟು ತಿಂಗಳಲ್ವಾ? ನೀನು ಕೊನೇ ಸಲ ನೋಡಿದ್ದು ಆ ಹೊಟ್ಟೆಯನ್ನೇ. ಪಾರ್ಸೆಲ್ ಬರುವಷ್ಟರಲ್ಲಿ ಮಗಳು ತೊಟ್ಟಿಲಲ್ಲಿದ್ದಳು. ನನ್ನ ಡುಮ್ಮಿ ಅಂತ ಆಡಿಕೊಳ್ತಿದ್ದೀಯ ಅಂದ್ಕೊಂಡು ಉರಿದುಹೋಗಿ, ತಲುಪಿತು ಅಂತಾನೂ ಬರೆಯದೆ ಪೆಟ್ಟಿಗೆಗೆ ತುರುಕಿದ್ದೆ. ಇದೆಲ್ಲ ಹೊಳೆದದ್ದು ಇವತ್ತು, ನೀನು ತೀರಿಕೊಂಡ ಎರಡು ವರ್ಷಕ್ಕೆ.

ಆ ಹೊಟ್ಟೆಯಲ್ಲಿದ್ದವಳೇ ಇವತ್ತು ಗುಂಡುಸೂಜಿ ಚುಚ್ಚಿಕೊಟ್ಟಳು. ಹಾಕಿಕೊಂಡು ಕನ್ನಡಿ ಮುಂದೆ ಗಿರ್ರನೆ ತಿರುಗಿದೆ. ಅವಳು ಚಪ್ಪಾಳೆ ತಟ್ಟಿ, “ಅಮ್ಮಾ, ದೊಡ್ಡಮ್ಮ ನಿನ್ನ ತೋಳಿನ ಅಳತೆ ಯಾವಾಗ ತಗೊಂಡಿದ್ರು?” ಅಂದಳು.

ತಗೊಂಡೇ ಇರಲಿಲ್ಲ ಅಂದೆ.

ತೋಳಿಗೆ ನಾನು ಕತ್ತರಿ ಮುಟ್ಟಿಸಲಿಲ್ಲ ಕಣೇ. ಸರಿಯಾಗಿ ಮಣಿಕಟ್ಟಿಗೆ ಬಂದು ನಿಂತಿದೆ.