ಕೊರ್ಲದಂಡೆಗೆ ಪುಟಸಂಖ್ಯೆ ಇರಲಿಲ್ಲ

ನಡುಮಳೆ ತಿಂಗಳ ಒಂಬತ್ತು, 2214

ಕಡಲಲ್ಲಿ ಮುಳುಗಿದ ಕೊರ್ಲದಂಡೆಯ ಜನರನ್ನು ಐದು ಊರುಗಳಿಗೆ ಹಂಚಬೇಕೆಂದು ನೆಲೆಪೀಠ ನಿನ್ನೆ ಆದೇಶ ಹೊರಡಿಸಿದೆ. ಆದೇಶವನ್ನು ಅವರು ತಂಗಿರುವ ಬಿಡಾರದ ಅಂಗಳದಲ್ಲಿ ಓದಿ ಹೇಳಿದವರು ಪೀಠದ ಕಾರ್ಯದರ್ಶಿ ನೀಲಕಂಠ ಬೆಳವಡಿ. ಓದುವಾಗ ನಾನೂ ಅಲ್ಲಿದ್ದೆ.

ನಿಮ್ಮ ಪಂಚಾಂಗದಲ್ಲಿ ನಡುಮಳೆ ಎಂಬ ತಿಂಗಳಿಲ್ಲ. ಮಳೆ ಕಾಲ ತಪ್ಪಿ ಬರತೊಡಗಿದ ಮೇಲೆ ನಾವು ಸೇರಿಸಿಕೊಂಡ ಹದಿಮೂರನೆಯ ತಿಂಗಳು ಅದು. ನೆಲೆಪೀಠ ಎಂದರೆ, ಕಡಲಿಗೆ ಊರು ಕಳೆದುಕೊಂಡವರು ಎಲ್ಲಿ ನೆಲೆಸಬೇಕೆಂದು ತೀರ್ಮಾನಿಸುವ ನ್ಯಾಯಸ್ಥಾನ. ಇಂಥ ಅಪರಿಚಿತ ಮಾತುಗಳು ಮುಂದೆಯೂ ಬರುತ್ತವೆ, ಕ್ಷಮಿಸಿ. ನಾನು ಗುರುಪಾದ ಇಂಗಳಗಿ. ನಿಮ್ಮ ಕಾಲದ ಕನ್ನಡವನ್ನು ಉಳಿದುಬಂದ ದಿನಪತ್ರಿಕೆಗಳಿಂದ ಕಲಿತವನು. ಒಂದು ಮಾತು ಮೊದಲು ಎಲ್ಲಿ ಅಚ್ಚಾಯಿತೆಂದು ಹುಡುಕಿಕೊಡುವ ಆಕರಮನೆಯಲ್ಲಿ ನನ್ನ ಕೆಲಸ.

ಈ ಪತ್ರ ವಿಕಿಯಲ್ಲಿ ಹಳೆಯ ಆಕರಗ್ರಂಥಗಳಿಗೆ ಉಲ್ಲೇಖದ ಟೆಂಪ್ಲೇಟು, ಎಂದರೆ ಆಕರದ ವಿವರ ತುಂಬುವ ಸಿದ್ಧ ಚೌಕಟ್ಟು, ಮಾಡುತ್ತಿರುವ ನಿಮಗೆ. ಆ ವಿಕಿ ನಮ್ಮಲ್ಲಿ ಈಗಲೂ ಇದೆ. ನೀವು ಬರೆದ ಲೇಖನಗಳನ್ನು ನಾವು ದಿನವೂ ಓದುತ್ತೇವೆ.

ಮುಳುಗಿದ ಊರಿನವರು ಒಂದೇ ಕಡೆ ನೆಲ ಕೇಳಬೇಕಾದರೆ, ಕಡಲು ಏರುವ ಮೊದಲೂ ತಾವು ಒಂದು ಊರಾಗಿದ್ದೆವೆಂದು ತೋರಿಸಬೇಕು. ಅದಕ್ಕೆ ಅಚ್ಚಾದ ಪುಟವೇ ಬೇಕು, ಅದನ್ನು ಮನುಷ್ಯರೇ ಕಣ್ಣಾರೆ ಓದಿರಬೇಕು. ಈ ನಿಯಮಕ್ಕೆ ಕಾರಣವಿದೆ. ನಿಮ್ಮ ನಂತರದ ಯಂತ್ರಗಳು ಮಸುಕಾದ ಪುಟಗಳನ್ನು ಓದುವಾಗ ಕಾಣದ ಅಕ್ಷರಗಳನ್ನು ತಾವೇ ತುಂಬತೊಡಗಿದವು. ಇದನ್ನು ಊಹೆಓದು ಎನ್ನುತ್ತೇವೆ. ಊಹೆಓದಿನ ಬಲದಿಂದ ಎಂದೂ ಇರದಿದ್ದ ಊರುಗಳಿಗೂ ನೆಲ ಸಿಕ್ಕಿದ ಮೇಲೆ ಪೀಠ ಯಂತ್ರದ ಓದನ್ನು ಒಪ್ಪುವುದನ್ನೇ ನಿಲ್ಲಿಸಿತು.

ಕೊರ್ಲದಂಡೆಯವರ ಕೈಯಲ್ಲಿದ್ದದ್ದು ಒಂದೇ ವಾಕ್ಯ. ಕೊರ್ಲದಂಡೆಯ ಬಗೆಗಿನ ವಿಕಿ ಲೇಖನದಲ್ಲಿ ಅದು ಹೀಗಿದೆ: ‘ಕೋಡಿಯ ಬಾಯಲ್ಲಿ ಉಪ್ಪು ತೆಗೆಯುವವರ ಕೇರಿಯೊಂದಿದ್ದು, ಎಲ್ಲರೂ ಒಂದೇ ಬಾವಿಯ ನೀರು ಕುಡಿಯುತ್ತಾರೆ.’ ಲೇಖನದ ಅಡಿಯಲ್ಲಿ ನಿಮ್ಮ ಟೆಂಪ್ಲೇಟು, ಹಕ್ಕುಸ್ವಾಮ್ಯ ಮುಗಿದ ಜಿಲ್ಲಾ ಗ್ಯಾಸೆಟಿಯರ್‌ನ ಪಠ್ಯವನ್ನು ಇಲ್ಲಿ ಬಳಸಲಾಗಿದೆ ಎಂದು ಹೇಳುತ್ತದೆ. ಯಾವ ಸಂಪುಟ, ಯಾವ ಮುದ್ರಣ, ಎಷ್ಟನೆಯ ಪುಟ ಎಂದು ಹೇಳುವುದಿಲ್ಲ. ಆ ಗ್ಯಾಸೆಟಿಯರ್‌ಗೆ ಹಲವು ಸಂಪುಟಗಳಿದ್ದವು, ಎರಡು ಬಾರಿ ತಿದ್ದಿ ಅಚ್ಚು ಹಾಕಿದ್ದರು.

ಕಾಗದದ ಪ್ರತಿಗಳು ಉಳಿದಿಲ್ಲ. ಪುಟಗಳ ಚಿತ್ರಗಳು ಪುಟಗೂಡು ಎಂಬ ಬೆಟ್ಟದಡಿಯ ಭಂಡಾರದಲ್ಲಿವೆ. ಸಂಪುಟ, ಪುಟ ಹೇಳಿದರೆ ಕುರ್ಚಿಯಲ್ಲಿ ಸರಿಯಾಗಿ ಕೂರುವಷ್ಟರಲ್ಲಿ ಚಿತ್ರ ಎದುರಿಗಿರುತ್ತದೆ. ಹೇಳದಿದ್ದರೆ ಮಸುಕಾದ ಪುಟಗಳನ್ನು ಒಂದೊಂದಾಗಿ ತೆರೆದು, ಅಕ್ಷರ ಬಿಡಿಸಿ ಓದಬೇಕು. ಯಂತ್ರಕ್ಕೆ ಹುಡುಕಲು ಬಿಟ್ಟರೆ, ಕೇಳಿದ ವಾಕ್ಯವನ್ನು ಅದು ಯಾವ ಮಸುಕು ಪುಟದಲ್ಲಾದರೂ ಊಹಿಸಿ ತೋರಿಸುತ್ತದೆ. ಆಕರಮನೆಯ ನಾವೆಲ್ಲ ನೋಡಿದೆವು. ಕೊರ್ಲದಂಡೆಯವರೂ ಪಾಳಿಯ ಮೇಲೆ ಬಂದು ಕೂತರು. ಮಧ್ಯಾಹ್ನ ಗಂಜಿ ಮತ್ತು ತೊಟ್ಟಿಮೀನಿನ ಸಾರು ತರುತ್ತಿದ್ದರು. ತೊಟ್ಟಿಯಲ್ಲಿ ಬೆಳೆಸಿದ ಮೀನಿಗೆ ರುಚಿಯಿಲ್ಲವೆಂದು ದೂರು ಹೇಳದವರು ಅವರಲ್ಲಿ ಯಾರೂ ಇರಲಿಲ್ಲ. ಅವರ ಪರವಾಗಿ ಅರ್ಜಿ ಹಾಕಿದ್ದವರು ಎಪ್ಪತ್ತು ದಾಟಿದ ಬುದವಂತಿ ಆಗೇರ. ಅವರ ತಂಗಿ ಪರಮಿ ಪಕ್ಕದ ಕುರ್ಚಿಯಲ್ಲಿ ಕೂತು, ಅಕ್ಕ ಪುಟ ಸರಿಸುವ ನಿಧಾನವನ್ನು ಆಡಿಕೊಳ್ಳುತ್ತಿದ್ದರು. ಅಕ್ಕ ತಂಗಿಯ ಸಾರಿನ ಉಪ್ಪನ್ನು ಆಡಿಕೊಳ್ಳುತ್ತಿದ್ದರು. ಪೀಠ ಎರಡು ಸಲ ಕಾಲಾವಕಾಶ ಕೊಟ್ಟಿತು, ಮೂರನೆಯ ಸಲ ಕೊಡಲಿಲ್ಲ. ಆ ವಾಕ್ಯ ಇನ್ನೂ ತೆರೆಯದ ಯಾವುದೋ ಪುಟದಲ್ಲಿರಬೇಕು.

ಪುಟಸಂಖ್ಯೆ ಏಕಿರಲಿಲ್ಲವೆಂದು ತಿಳಿಯಲು ಟೆಂಪ್ಲೇಟಿನ ಚರ್ಚಾಪುಟ ತೆರೆದೆ. ಅಲ್ಲಿ ಕುಮುದ ಎಂಬ ಸಂಪಾದಕಿ, ಪುಟ ತುಂಬದಿದ್ದರೆ ‘ಪುಟ ನಮೂದಿಸಿಲ್ಲ’ ಎಂದು ಕೆಂಪಕ್ಷರದಲ್ಲಿ ಕಾಣಿಸಬೇಕು, ಅಂಥ ಲೇಖನಗಳೆಲ್ಲ ಒಂದು ವರ್ಗದಲ್ಲಿ ಸೇರಬೇಕು ಎಂದು ಸೂಚಿಸಿದ್ದಾರೆ. ಲೇಖನದ ಅಂದ ಕೆಡುತ್ತದೆ ಎಂದು ಒಬ್ಬರು ಉತ್ತರಿಸಿದ್ದಾರೆ. ಕೆಂಪಕ್ಷರ ಲಗ್ನಪತ್ರಿಕೆಗಿರಲಿ ಎಂದು ಇನ್ನೊಬ್ಬರ ತಮಾಷೆ. ಕೊನೆಗೆ, ಖಾಲಿ ಬಿಟ್ಟ ಜಾಗ ಹೊರಗೆ ಕಾಣದಂತೆ ಟೆಂಪ್ಲೇಟನ್ನು ತಿದ್ದಲಾಯಿತು. ಅಂದಿನಿಂದ ಪುಟವಿರುವ ಉಲ್ಲೇಖವೂ ಪುಟವಿಲ್ಲದ ಉಲ್ಲೇಖವೂ ಓದುಗರಿಗೆ ಒಂದೇ ರೀತಿ ಪೂರ್ತಿಯಾಗಿ ಕಂಡವು. ಪುಸ್ತಕ ಇನ್ನೂ ಕೈಗೆ ಸಿಗುತ್ತಿದ್ದ ಕಾಲದಲ್ಲಿ, ತುಂಬಬೇಕಾದದ್ದು ಉಳಿದಿದೆಯೆಂದು ಯಾರಿಗೂ ತಿಳಿಯಲಿಲ್ಲ. ಆ ಚರ್ಚೆಯಲ್ಲಿ ಕೆಟ್ಟವರು ಯಾರೂ ಇಲ್ಲ. ಅದೇ ಮಂದಿ ಸಂಬಳವಿಲ್ಲದೆ, ರಜೆಯ ದಿನಗಳಲ್ಲಿ ಕೂತು ಆ ಸಂಪುಟಗಳಿಂದ ಆಯ್ದ ಭಾಗಗಳನ್ನು ಲೇಖನಗಳಿಗೆ ಬೆರಳಚ್ಚು ಮಾಡಿದ್ದರು. ಅವರಿಲ್ಲದಿದ್ದರೆ ಕೊರ್ಲದಂಡೆಗೆ ಆ ಒಂದು ವಾಕ್ಯವೂ ಇರುತ್ತಿರಲಿಲ್ಲ.

ಇದನ್ನೆಲ್ಲ ನಾನು ಬುದವಂತಿಯವರಿಗೆ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, “ಅಲ್ದೋ ತಮಾ, ಪುಸ್ತಕದ ಹೆಸ್ರು ಬರಿಯೂಕೆ ಬಂದ ಕೈಗೆ ಪುಟ ಬರಿಯೂಕೆ ಎಂತಾ ಆಗಿತ್ತು?” ಎಂದರು.

ಆದೇಶದ ಪ್ರಕಾರ ಪರಮಿ ಕಲ್ಲಗುಡಿಗೆ, ಬುದವಂತಿ ನಡುಬೈಲಿಗೆ ಹೋಗಬೇಕು. ಎರಡೂ ಊರುಗಳ ನಡುವೆ ಈಗ ನೀರಿದೆ, ನಿತ್ಯದ ದೋಣಿಯಿಲ್ಲ. ಕಾರ್ಯದರ್ಶಿ ಓದಿ ಮುಗಿಸಿದ ಮೇಲೂ ಅಕ್ಕತಂಗಿಯರು ಎದ್ದು ಹೋಗಲಿಲ್ಲ. ಪರಮಿ ಕೇಳಿದರು: “ಇನ್ ಸಾರಿಗೆ ಉಪ್ಪು ಕಮ್ಮಿ ಆದ್ರೆ ಯಾರಿಗ್ ಬೈತಿಯೇ ಅಕ್ಕಾ?” ಬುದವಂತಿ ತಂಗಿಯ ಸೆರಗನ್ನು ಸರಿಮಾಡಿದರು.

ನನ್ನ ಕೋರಿಕೆ ಇಷ್ಟೆ. ಟೆಂಪ್ಲೇಟಿನಲ್ಲಿ ಸಂಪುಟ, ಮುದ್ರಣ, ಪುಟ ಮೂರಕ್ಕೂ ಜಾಗ ಮಾಡಿ. ತುಂಬದಿದ್ದರೆ ತುಂಬಿಲ್ಲವೆಂದು ಅದೇ ಹೇಳಲಿ, ಎಷ್ಟೇ ಕುರೂಪವಾಗಿ ಕಂಡರೂ ಹೇಳಲಿ. ನೀವು ವಾಕ್ಯ ತೆಗೆದುಕೊಳ್ಳುವಾಗ ಪುಸ್ತಕ ನಿಮ್ಮ ಎದುರಿಗೆ ತೆರೆದಿರುತ್ತದೆ. ಮುಂದೆ ಯಾರ ಎದುರಿಗೂ ಅದು ಹಾಗೆ ತೆರೆದಿರುವುದಿಲ್ಲ. ಈ ಪತ್ರವನ್ನು ಕುಮುದ ಅವರ ಸೂಚನೆಯ ಕೆಳಗೆ, ಅದೇ ಚರ್ಚಾಪುಟದಲ್ಲಿ ಇಡುತ್ತಿದ್ದೇನೆ. ಅಲ್ಲಿಂದ ಅದು ಹಿಂದಕ್ಕೆ ನಿಮ್ಮವರೆಗೆ ಬರುವುದೆಂದು ನಂಬಲು ನನಗೆ ಯಾವ ಆಧಾರವೂ ಇಲ್ಲ.

ಕಲ್ಲಗುಡಿಯ ದೋಣಿ ನಡುಮಳೆ ಹದಿನಾಲ್ಕರ ಬೆಳಿಗ್ಗೆ ಹೊರಡಲಿದೆ. ನಡುಬೈಲಿನದು ಮರುದಿನ.